ಹೊತ್ತು ಮುಳುಗುವ ಮೊದಲು

ನಿನ್ನೆ ಸಂಜೆ ಬಿಸಿ ನುಚ್ಚಿಗೆ ತುಪ್ಪ ಬಿದ್ದ ವಾಸನೆ ಬಂತು. ಒಮ್ಮೆಲೇ ನಾನು ಐನಾಪುರದ ಹಳೇ ಮನೆಯ ಪಡಸಾಲೆಯಲ್ಲಿದ್ದೆ.

ಜೈನರ ಮನೆ ನಮ್ಮದು; ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ಅಜ್ಜಿಗೆ ಅವ್ವ ದಿನಾ ಸಂಜೆ ನುಚ್ಚು ಉಣಿಸುತ್ತಿದ್ದಳು. ಒಂದೊಂದು ತುತ್ತು ಗಂಟಲಿಳಿಯಲು ಎಷ್ಟೋ ಹೊತ್ತು ಬೇಕು. ಅಜ್ಜಿಯ ಸಲುವಾಗಿ ಅವ್ವ ಹೊಲಿಗೆ ಕೆಲಸವನ್ನೂ ಬಿಟ್ಟಿದ್ದಳು. ಮಷೀನಿನ ಮೇಲೆ ಔಷಧಿ ಬಾಟಲಿಗಳು ನಿಂತಿದ್ದವು.

ಒಂದು ಬೆಳಿಗ್ಗೆ ಅವ್ವ ಅಂಗಳದಲ್ಲಿ ಧೊಪ್ಪೆಂದು ಬಿದ್ದಳು. ಡಾಕ್ಟರು ಬಂದು, "ನಿನ್ನಿ ಯಾವಾಗ ಉಂಡೀರಿ, ಅಕ್ಕಾರ?" ಎಂದು ಕೇಳಿದರು.

"ಸಂಜಿಕ ಉಂಡೇನ್ರಿ," ಎಂದಳು ಅವ್ವ.

ಹಾಸಿಗೆಯಿಂದ ಅಜ್ಜಿ ತೊದಲಿದಳು: "ಸುಳ್ಳ. ನನಗ ಉಣಿಸೂದ್ರಾಗ ಹೊತ್ತ ಮುಳಗತೈತಿ. ಆಕಿ ಸಂಜಿಕ ಉಂಡು ವರ್ಷ ಆತು."

ದಿನಾ ಮೊದಲೇ ಉಂಡು ಎದ್ದುಹೋಗುತ್ತಿದ್ದ ಅಪ್ಪನಿಗಾಗಲಿ ನಮಗಾಗಲಿ ಇದು ಗೊತ್ತಿರಲಿಲ್ಲ.

ಈಗ ಲಕ್ವಾ ಹೊಡೆದು ಹಾಸಿಗೆಯಲ್ಲಿರುವವಳು ಅವ್ವ. ನಿನ್ನೆ ಬಟ್ಟಲು ಹಿಡಿದು ಕೂತಿದ್ದವಳು ನನ್ನ ಹೆಂಡತಿ. ಕಿಟಕಿಯ ಬಿಸಿಲು ಆರಿಹೋಗಿತ್ತು. ಆಗಷ್ಟೇ ಉಂಡು ತೊಳೆದ ನನ್ನ ಕೈ ಇನ್ನೂ ಒದ್ದೆಯಿತ್ತು.

"ನಿಂದು ಊಟ ಆತೇನು?" ಎಂದೆ.

"ಆಗಳೇ ಆತ್ರಿ," ಎಂದಳು.

ಅವ್ವ ಬಾಯಲ್ಲಿದ್ದ ತುತ್ತನ್ನು ಕಷ್ಟಪಟ್ಟು ನುಂಗಿ, ನನ್ನನ್ನೇ ನೋಡುತ್ತ ತೊದಲಿದಳು:

"ಸುಳ್ಳ."