ಗಡಿಯಾರ ಕೇಳುವ ಪರಪ್ಪ ಕಾಕಾ

ಗುಂಡಿ ಒತ್ತುವ ಮೊದಲು ಪರಪ್ಪ ಕಾಕಾ ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಮಗುವಿಗೆ ಜ್ವರವಿದೆಯೇ ಎಂದು ನೋಡುವವರ ಹಾಗೆ. “ಇನ್ನಾ ಕಾದಿಲ್ಲ. ಚಾ ಕುಡದು ಬರೂಣು ನಡಿ ತಂಗಿ” ಎನ್ನುವರು. ತೆಲುಗು, ಹಿಂದಿಯೇ ತುಂಬಿದ್ದ ಆ ಲ್ಯಾಬಿನಲ್ಲಿ ಅವರ ರಾಯಚೂರು ಕನ್ನಡ ಕೇಳಿದರೆ ನನಗೆ ಮನೆಯಲ್ಲಿದ್ದಂತಾಗುತ್ತಿತ್ತು.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಆ ಕಾರ್ಖಾನೆಯಲ್ಲಿ ಟೆಲಿಫೋನ್ ಉಪಕರಣಗಳ ಬೋರ್ಡುಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ಒಂದು ಯಂತ್ರ ಬೋರ್ಡಿನ ಮೂಲಕ ಸೊನ್ನೆ-ಒಂದುಗಳ ಸಾಲು ಕಳಿಸುತ್ತದೆ. ಇನ್ನೊಂದು ಅದನ್ನು ಪಡೆದು ತಪ್ಪುಗಳನ್ನು ಎಣಿಸುತ್ತದೆ. ಯಂತ್ರದೊಳಗೆ ತಾಳ ಹಾಕುವ ಭಾಗಕ್ಕೆ ಗಡಿಯಾರ ಎನ್ನುತ್ತಾರೆ; ಎರಡೂ ಒಂದೇ ಗಡಿಯಾರಕ್ಕೆ ನಡೆಯಬೇಕು. ಯಾರು ಏನು ದೂರು ತಂದರೂ ಕಾಕಾ ಕೇಳುವುದು ಒಂದೇ: “ಗಡಿಯಾರ ಯಾರ್ದು?” ಹೊಸ ಎಂಜಿನಿಯರಾದ ನನಗೆ ಅದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒಂದು ಶನಿವಾರ ಕಾಕಾ ಬರುವುದು ಸಂಜೆಯಾಗುತ್ತದೆ ಎಂದರು. ನಾನೇ ಯಂತ್ರಗಳನ್ನು ಜೋಡಿಸಿದೆ. ಇಟ್ಟ ಬೋರ್ಡೆಲ್ಲ ಫೇಲ್. ಬೆಸುಗೆ ಸರಿಯಿಲ್ಲವೆಂದು ಬರೆದು ಕೊಟ್ಟೆ. ಅವೆಲ್ಲ ಮಲ್ಲಮ್ಮ ಬೆಸೆದವು. ರಾಯಚೂರು ಕಡೆಯ, ಗುತ್ತಿಗೆಯ ಹೆಂಗಸು. ಸೋಮವಾರದಿಂದ ಬರಬೇಡವೆಂದು ಸೂಪರ್‌ವೈಸರ್ ಹೇಳಿಬಿಟ್ಟರು.

ಸಂಜೆ ಬಂದ ಕಾಕಾ ಪರದೆಯ ಮುಂದೆ ನಿಂತು ನೋಡಿದರು. ತಪ್ಪುಗಳು ಸರಿಯಾದ ಅಂತರದಲ್ಲಿ ಒಂದರ ಹಿಂದೊಂದು ಬರುತ್ತಿದ್ದವು. “ಕೆಟ್ಟ ಬೆಸುಗಿ ಹಿಂಗ ಹೊತ್ತು ಹಿಡದು ತಪ್ಪಂಗಿಲ್ಲ ತಂಗಿ. ಅದು ಮನಸಿಗೆ ಬಂದಾಗ ತಪ್ತೈತಿ.” ಪಡೆಯುವ ಯಂತ್ರವನ್ನು ನಾನು ಅದರದೇ ಗಡಿಯಾರಕ್ಕೆ ಬಿಟ್ಟಿದ್ದೆ. ಅವರು ಆ ಒಂದು ಸೆಟ್ಟಿಂಗ್ ಬದಲಿಸಿ, ಬರುವ ಸಾಲಿನಿಂದಲೇ ಗಡಿಯಾರ ತೆಗೆದುಕೊಳ್ಳುವಂತೆ ಮಾಡಿದರು. ತಪ್ಪು, ಸೊನ್ನೆ.

ನನಗೆ ನಾಚಿಕೆಯಾಯಿತು. ನೀವೇ ಸೂಪರ್‌ವೈಸರಿಗೆ ಹೇಳಿ ಎಂದೆ.

“ನಾ ಹೇಳಿದ್ರ ಚಾಡಿ ಆಕೈತಿ. ನೀನ ಹೋಗಿ ಹೇಳು. ಬಸ್ ಹೋಗದಂಗ ನಾ ನೋಡ್ಕೋತೀನಿ.”

ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು, ಮಲ್ಲಮ್ಮನನ್ನು ಬಿಡಿಸಿದ ಮಾತನ್ನು ಅವರು ಹಿಂತೆಗೆದುಕೊಳ್ಳುವಂತೆ ಮಾಡಿ ಓಡಿ ಬರುವಷ್ಟರಲ್ಲಿ ಕಾರ್ಖಾನೆಯ ಬಸ್ಸು ಹೊರಡುವ ಹೊತ್ತು ಮೀರಿತ್ತು. ಯಾರಿಗೂ ಒಂದು ನಿಮಿಷ ಕಾಯದ ಕಾಕಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಡ್ರೈವರನಿಗೆ ತಮ್ಮ ಮಂಡಿನೋವಿನ ಪುರಾಣ ಹೇಳುತ್ತಿದ್ದರು.

ತಪ್ಪು ನನ್ನದೆಂದು, ಬಸ್ಸಿನಲ್ಲಿ ಕೂತಿದ್ದ ಮಲ್ಲಮ್ಮನಿಗೆ ಎಲ್ಲರೆದುರೇ ಹೇಳಿದೆ. “ನನ್ನ ಕೈ ತಪ್ಪಿಲ್ಲಂತ ನನಗ ಗೊತ್ತಿತ್ರಿ. ಯಂತ್ರದ ಮುಂದ ನನ್ನ ಮಾತು ಯಾರ್ ಕೇಳ್ತಾರಿ?” ಎಂದು ಆಕೆ ಕಣ್ಣೊರೆಸಿಕೊಂಡಳು.

ಕಾಕಾ ಈಗಿಲ್ಲ. ನಾನು ಅವರನ್ನು ಕಡೆಯದಾಗಿ ಕಂಡದ್ದು ಅವರು ನಿವೃತ್ತರಾದ ದಿನ. ಹಾರ ತೆಗೆದಿಟ್ಟು ಲ್ಯಾಬಿಗೆ ಬಂದು, ಯಂತ್ರದ ಮೇಲೆ ಅಂಗೈ ಇಟ್ಟು ನಿಂತವರು ಕದಲಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಹೊರಟುಬಿಟ್ಟಿತೇನೋ ಎಂದು ಕಿಟಕಿಯಿಂದ ನೋಡಿದೆ.

ಮಲ್ಲಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಡ್ರೈವರನ ಜೊತೆ ಏನೋ ಮಾತಾಡುತ್ತಿದ್ದಳು.