ನಾದಿನಿಯನ್ನು ತೋರಿಸಲು ಹೋದ ದಿನ

ಕೊರೊನಾ ಕಳೆದು ಒಂದೆರಡು ವರ್ಷ ಆಗಿದ್ದಿರಬೇಕು. ನನ್ನ ನಾದಿನಿ ಗಂಗರತ್ನಳನ್ನು ಗಂಡನ ಮನೆಯವರು "ಇವಳಿಗೆ ತಲೆ ಸರಿಯಿಲ್ಲ" ಎಂದು ಆಂಧ್ರದ ಗಡಿಯಲ್ಲಿ ರೊಳ್ಳದ ಹತ್ತಿರವಿರುವ ನಮ್ಮ ಊರಿಗೆ ತಂದು ಬಿಟ್ಟುಹೋಗಿ ಆಗಲೇ ಮೂರು ವರ್ಷವಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಅವಳ ಊಟ, ಸ್ನಾನ, ಕಾವಲು ಎಲ್ಲ ನನ್ನ ಪಾಲಿಗೇ ಬಂತು. ನಮ್ಮದು ರೇಷ್ಮೆ ಸಾಕುವ ಮನೆ. ಹೊತ್ತುಹೊತ್ತಿಗೆ ಹುಳುಗಳಿಗೆ ಸೊಪ್ಪು ಹಾಕಬೇಕು. ನಮ್ಮನೆಯವರು ಲಾರಿ ಓಡಿಸಲು ಹೋದರೆ ಮನೆಗೆ ಬರುವುದು ವಾರಕ್ಕೊಮ್ಮೆ.

ಗಂಗಾಳಿಗೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಆಗುತ್ತಿತ್ತು. ಬೆಳೆದ ಹುಳುಗಳು ಸೊಪ್ಪು ತಿನ್ನುವಾಗ ಜಡಿಮಳೆಯಂಥ ಸದ್ದು ಬರುತ್ತದೆ. ಅವಳಿಗೆ ಅದು ಜನ ಗುಂಪು ಕೂಡಿ ತನ್ನನ್ನೇ ಆಡಿಕೊಳ್ಳುವ ಹಾಗೆ ಕೇಳಿಸುತ್ತಿತ್ತಂತೆ. ಒಂದು ಮಧ್ಯಾಹ್ನ ನಾನು ತೋಟದಿಂದ ಬರುವಷ್ಟರಲ್ಲಿ ಅರ್ಧದಷ್ಟು ಹುಳುವಿನ ತಟ್ಟೆಗಳನ್ನು ಅಂಗಳಕ್ಕೆ ಎಳೆದು ಸುರಿದುಬಿಟ್ಟಿದ್ದಳು. ಕೋಳಿಗಳು ಮುತ್ತಿಕೊಂಡಿದ್ದವು. ಬೈಯುವುದಕ್ಕೂ ತ್ರಾಣವಿರಲಿಲ್ಲ. ಹೊಸಿಲ ಮೇಲೆ ಸುಮ್ಮನೆ ಕೂತುಬಿಟ್ಟೆ.

ಅದನ್ನು ಕಂಡ ನಮ್ಮೂರ ಆಶಾ ಕಾರ್ಯಕರ್ತೆ, "ಮಡಕಶಿರದಾಗೆ ಒಂದು ಸಂಸ್ಥೆ ಐತೆ ಕಣಕ್ಕ. ಇಂಥೋರ್ನ ಅವ್ರು ನೋಡ್ಕೋತಾರೆ. ಒಂದ್ಸಲ ಕರ್ಕೊಂಡೋಗು" ಅಂದಳು.

ನೋಡ್ಕೋತಾರೆ ಅಂದರೆ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ ನಾನು. ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವರೂ ಹಾಗೇ ತಿಳಿದು, "ಹಂಗಾದ್ರೆ ಒಳ್ಳೇದೇ ಆಯ್ತಲ್ಲ" ಎಂದು ಫೋನಿಟ್ಟರು. ಚೀಲದಲ್ಲಿ ಅವಳ ಸೀರೆಗಳು, ಒಂದು ದುಪ್ಪಟಿ ತುಂಬಿಕೊಂಡೆ.

ಪೇಟೆಗೆ ಹೋಗುವುದೆಂದರೆ ಗಂಗಾಳಿಗೆ ಇಷ್ಟ. ಆವತ್ತು ತಾನೇ ತಲೆ ಬಾಚಿ, ಕನಕಾಂಬರ ಮುಡಿದು, ಒಳ್ಳೆಯ ಸೀರೆ ಉಟ್ಟುಕೊಂಡಳು. ನಾನು ಬೆಳಿಗ್ಗೆ ಸೊಪ್ಪು ಹಾಕಿದ ಸೀರೆಯಲ್ಲೇ ಬಸ್ಸು ಹತ್ತಿದ್ದೆ. ಸಂಸ್ಥೆ ಎಂದರೆ ಒಂದು ಹೆಂಚಿನ ಮನೆ. ಜಗುಲಿಯ ಬೆಂಚಿನಲ್ಲಿ ನಮ್ಮಂಥವರು ಸುಮಾರು ಜನ ಕೂತಿದ್ದರು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಬಂದು ನಮ್ಮಿಬ್ಬರನ್ನೂ ನೋಡಿ, ಮೆಲ್ಲಗೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತೆಲುಗು ಬೆರೆತ ಕನ್ನಡದಲ್ಲಿ, "ಎಷ್ಟು ವರ್ಷದಿಂದ ಹಿಂಗಿದೆ ಅಮ್ಮ?" ಎಂದಳು.

"ಮೂರು ವರ್ಷ."

"ನಿದ್ದೆ?"

"ಎಲ್ಲಿ ಬರ್ತದೆ?"

"ಸುಮ್‌ಸುಮ್ನೆ ಅಳು ಬರ್ತದಾ?"

"ಬರ್ತದೆ."

ಗಂಗಾಳ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡೇ ಉತ್ತರ ಕೊಡುತ್ತಿದ್ದೆ. ಹೇಳಿದ್ದರಲ್ಲಿ ಯಾವುದು ಅವಳದು, ಯಾವುದು ನನ್ನದು ಎಂದು ಈಗ ಕೇಳಿದರೂ ಹೇಳಲಾರೆ. ಆ ಹುಡುಗಿ ಎದ್ದುಹೋಗಿ ಗಂಗಾಳನ್ನು ಕರೆದುತಂದು, "ನೀವು ಇವರ ಜೊತೆ ಬಂದವರಲ್ವಾ? ಮನೇಲಿ ಇವರು ಹೆಂಗಿರ್ತಾರೆ?" ಎಂದು ಕೇಳಿದಾಗಲೇ, ಅವಳು ಕಾಯಿಲೆಯವಳೆಂದುಕೊಂಡದ್ದು ನನ್ನನ್ನು ಎಂದು ಗೊತ್ತಾಗಿದ್ದು. ನಾನು ಬಾಯಿ ತೆರೆಯುವ ಮೊದಲೇ ಗಂಗಾ ಶುರುಮಾಡಿದಳು.

"ಇವಳು ನಮ್ಮತ್ತಿಗೆ. ಉಣ್ಣಾಕೆ ಕೂತ್ರೆ ಅರ್ಧಕ್ಕೇ ಎದ್ದೋಗ್ತಾಳೆ. ಹಿತ್ಲಾಗೆ ನಿಂತ್ಕೊಂಡು ಅಳ್ತಾಳೆ. ನಾನು ಹೋದ್ರೆ ಕಣ್ಣೊರೆಸ್ಕೊಂಡು ಬೈತಾಳೆ. ಮುಂಚೆ ಹಿಂಗಿರ್ಲಿಲ್ಲ."

ತನ್ನ ಲೋಕದಲ್ಲೇ ಮುಳುಗಿದ್ದಾಳೆ, ಇವಳಿಗೆ ಏನೂ ಕಾಣುವುದಿಲ್ಲ ಎಂದು ನಾನು ತಿಳಿದಿದ್ದೆ. ಮೂರು ವರ್ಷದಲ್ಲಿ ನನ್ನ ಗಂಡನಾಗಲಿ ತವರಿನವರಾಗಲಿ ಆ ಮಾತು ಆಡಿರಲಿಲ್ಲ.

ಅಷ್ಟರಲ್ಲಿ ಹಿರಿಯ ಮೇಡಂ ಬಂದರು. ನಾನು ಇದ್ದದ್ದನ್ನು ಹೇಳಿದೆ. ಹುಡುಗಿ ಪಾಪ, "ಕ್ಷಮಿಸಿ ಅಮ್ಮ" ಎಂದಳು. ನಾನು ಚೀಲ ಮುಂದಕ್ಕೆ ತಳ್ಳಿ, "ಬಟ್ಟೆ ತಂದಿದ್ದೀನಿ ಮೇಡಂ. ಇವಳನ್ನ ಇಲ್ಲೇ ಇಟ್ಕೋತೀರಲ್ಲ?" ಎಂದು ಕೇಳಿದೆ.

"ಇಲ್ಲಮ್ಮ, ಇಲ್ಲಿ ಯಾರನ್ನೂ ಇಟ್ಕೊಳ್ಳಲ್ಲ. ಡಾಕ್ಟ್ರು ಬರೋ ದಿನ ತೋರಿಸ್ಬೇಕು, ಮಾತ್ರೆ ತಗೊಂಡು ಹೋಗ್ಬೇಕು. ಆಮೇಲೆ ನಾವೇ ನಿಮ್ಮೂರಿಗೆ ಬಂದು ನೋಡ್ತಿರ್ತೀವಿ."

ಮತ್ತೆ ಅದೇ ಬಸ್ಸು, ಅದೇ ಮನೆ, ಇವಳ ಜೊತೆಗೆ. ಗಂಗಾ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು.

"ನನ್ನ ಬಿಟ್ಟೋಗಾಕೆ ಬಂದಿದ್ದಾ ಅತ್ತಿಗೆ?"

ನಾನು ಚೀಲವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವಳೇ, "ನಿಂಗೆ ಸಾಕಾಗಿದ್ರೆ ನೀನು ಇಲ್ಲಿರು. ನಾನೋಗಿ ಹುಳಕ್ಕೆ ಸೊಪ್ಪು ಹಾಕ್ತೀನಿ" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ನನ್ನ ಮೇಲಿನ ಕನಿಕರದಿಂದಲೇ ಹೇಳಿದಳು. ನಾನು ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಮೇಡಂ ಕುಡಿಯಲು ನೀರು ಕೊಟ್ಟು, ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತಿದ್ದರು. ಆಮೇಲೆ ಆವತ್ತೇ ಬಂದಿದ್ದ ಡಾಕ್ಟರ ಹತ್ತಿರ ಇಬ್ಬರನ್ನೂ ಕಳಿಸಿದರು.

ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಗಂಗಾಳ ಕಿವಿಯ ಮಾತುಗಳು ಕಡಿಮೆಯಾದವು. ಪೂರ್ತಿ ಹೋಗಿಲ್ಲ. ಕೆಲವು ದಿನ ಮಾತ್ರೆ ಬೇಡವೆಂದು ಉಗಿದುಬಿಡುತ್ತಾಳೆ, ನಾನು ಹಿಂದೆ ಹಿಂದೆ ಅಲೆಯಬೇಕು. ತಿಂಗಳಿಗೊಮ್ಮೆ ಸಂಸ್ಥೆಯಲ್ಲಿ ನಮ್ಮಂಥ ಮನೆಯವರನ್ನು ಸೇರಿಸಿ ಕೂರಿಸುತ್ತಾರೆ. ಅಲ್ಲಿಗೆ ಹೋದಾಗ ನನಗೆ ಮಾತಿಗಿಂತ ನಿದ್ದೆಯೇ ಜಾಸ್ತಿ. ಯಾರೂ ಎಬ್ಬಿಸುವುದಿಲ್ಲ.

"ನಾದಿನಿಗೆ ವಾಸಿಯಾಯ್ತಾ?" ಎಂದು ಊರಲ್ಲಿ ಕೇಳುತ್ತಾರೆ. ಅವಳಿಗೂ ಅಷ್ಟಕ್ಕಷ್ಟೇ, ನನ್ನ ಸುಸ್ತೂ ಹೋಗಿಲ್ಲ. ಈಗಲೂ ರೇಗಿ ಬೈಯಲು ಬಾಯಿ ತೆರೆಯುತ್ತೇನೆ. ಆದರೆ ನಮ್ಮ ಮನೆಯವರಲ್ಲೆಲ್ಲ ನಾನು ಹಿತ್ತಲಲ್ಲಿ ಅಳುವುದನ್ನು ಕಂಡವಳು ಇವಳೊಬ್ಬಳೇ ಎಂಬುದು ನೆನಪಾಗಿ, ಬೈಗುಳ ಅರ್ಧಕ್ಕೇ ನಿಂತುಹೋಗುತ್ತದೆ.