ಬೆರಳಿಗೆ ಕಟ್ಟಿದ ದಾರ

ಮುಂಬಯಿ ಪಕ್ಕದ ಡೊಂಬಿವಲಿಯ ಜಯಲತಾಳಿಗೆ ಕಥೆ ಬರೆಯುವುದು ಒಗ್ಗರಣೆ ಹಾಕಿದಷ್ಟು ಸಲೀಸು. ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಅವಳ ಕಥೆ ಬಂದರೆ ಠಾಣೆಯಿಂದ ಕಲ್ಯಾಣದವರೆಗಿನ ನಮ್ಮವರೆಲ್ಲ ಓದುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಾದೀತು. ಓದುವ ನಾಲ್ಕು ಜನ ಮಾತ್ರ ನಡುವೆ ಬಿಡದೆ ಪೂರ್ತಿ ಓದುತ್ತಿದ್ದರು. ಅಂಥವಳು ನಲವತ್ತು ದಾಟಿದ ಮೇಲೆ ಎಂ.ಫಿಲ್.ಗೆ ಸೇರಿ ಇಲ್ಲದ ಉಸಾಬರಿಯನ್ನು ಮೈಮೇಲೆ ಎಳೆದುಕೊಂಡಳು. ಅದಕ್ಕೆ ಕಾರಣ ಅವಳ ಅಪ್ಪ ಮಧ್ವರಾಜರು.

ಮಧ್ವರಾಜರು ಉಡುಪಿ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆದವರು. ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ದಿನವಿಡೀ ನೀರಿನಲ್ಲಿ ನೆನೆದ ಬೆರಳು ಬಿಳುಚಿಕೊಂಡು ಸುಕ್ಕುಗಟ್ಟಿ, ಪೆನ್ಸಿಲ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ಬೈಯದೆ, ನಗದೆ, ಪೊಟ್ಟಣ ಕಟ್ಟುವ ದಾರದಿಂದ ಪೆನ್ಸಿಲನ್ನು ಅವರ ಬೆರಳಿಗೆ ಕಟ್ಟಿ 'ಬರಿ' ಎಂದರು. ಹಾಗೆ ಬರೆದೇ ಅವರು ಮೆಟ್ರಿಕ್ ಪಾಸಾದದ್ದು. ಆಮೇಲೆ ಉಲ್ಹಾಸನಗರದಲ್ಲಿ ಸಣ್ಣ ಕ್ಯಾಂಟೀನು ನಡೆಸಿ, ಈಗ ಹೆಂಡತಿ ಅನಸೂಯಮ್ಮನ ಜೊತೆ ಠಾಕುರ್ಲಿಯಲ್ಲಿ ತಣ್ಣಗೆ ಕೂತಿದ್ದರು.

ಈ ಸಂಗತಿಯನ್ನು ಜಯಲತಾ ಒಂದು ದೀಪಾವಳಿ ಸಂಚಿಕೆಗೆ ಕಥೆಯಾಗಿ ಬರೆದಳು. ಸಂಘದ ಸಭೆಯಲ್ಲಿ ಅತಿಥಿಯೊಬ್ಬರು ಆ ದಾರವನ್ನೇ ಹಿಡಿದುಕೊಂಡು, ಎಂಥ ಅದ್ಭುತ ಕಲ್ಪನೆ ಎಂದು ಮೈಕಿನಲ್ಲಿ ಹೊಗಳಿದರು. ಮಗಳು ಹಿಗ್ಗಿದಳು. ಸಭೆಗೆ ಬಂದಿದ್ದ ಅಪ್ಪ ಅವಳ ಜೊತೆಗೇ ಮನೆಗೆ ಮರಳಿದರು.

“ಕಲ್ಪನೆಯಂತೆ,” ಎಂದರು ಚಪ್ಪಲಿ ಬಿಡುತ್ತಾ. “ನನ್ನ ಬೆರಳು ಕಲ್ಪನೆಯಾ ಮಗಾ? ಜನ ನಂಬುವ ಹಾಗೆ ಬರೆಯಲಿಕ್ಕೆ ಆಗುವುದಿಲ್ಲವಾ?”

ಆ ಮಾತು ಅವಳಿಗೆ ನಾಟಿತು. ಜನ ನಂಬುವಂಥದ್ದು ಎಂದರೆ ಸಂಶೋಧನೆ ಎಂದು ಅವಳೇ ತೀರ್ಮಾನಿಸಿ, ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಸಂಪ್ರಬಂಧ ಬರೆಯಲು ಹೊರಟಳು. ಮಾರ್ಗದರ್ಶಕರು ಮೈಸೂರು ಕಡೆಯ ಚಂದ್ರಶೇಖರ ಸರ್. ಅವರ ಮನೆ ನವಿ ಮುಂಬಯಿಯ ನೆರೂಳಿನಲ್ಲಿ. ಭಾನುವಾರ ಬಂತೆಂದರೆ ಠಾಣೆಗೆ ಹೋಗಿ, ಸ್ಟೇಷನ್ ಬ್ರಿಜ್ಜಿನ ಜನಜಂಗುಳಿಯಲ್ಲಿ ಹಾಳೆಗಳನ್ನು ಎದೆಗವಚಿಕೊಂಡು, ನೆರೂಳಿನ ಗಾಡಿ ಹಿಡಿಯುವಳು. ಸರ್ ಕೆಟ್ಟವರೇನಲ್ಲ. ಒಳ್ಳೆಯ ಕಾಫಿ ಕೊಡುತ್ತಿದ್ದರು. ಆದರೆ ಅವರ ಕೆಂಪು ಪೆನ್ನಿಗೆ ದಯೆ ಇರಲಿಲ್ಲ.

ಮೊದಲ ಅಧ್ಯಾಯವನ್ನು ಅವಳು 'ಬೆರಳು ಇನ್ನೂ ಒದ್ದೆಯಾಗಿತ್ತು' ಎಂದು ಶುರುಮಾಡಿದ್ದಳು. ಸರ್ ಓದಿ ಕನ್ನಡಕ ತೆಗೆದರು.

“ಚೆನ್ನಾಗಿದೆ ಕಣಮ್ಮಾ. ಆದ್ರೆ ಇದು ಕಥೆ. ಆಧಾರ ಎಲ್ಲಿ?”

ಅಪ್ಪನೇ ಹೇಳಿದ್ದು ಎಂದಳು. ಬೇರೆ ಯಾರು ನೋಡಿದ್ದಾರೆ, ಶಾಲೆಯ ದಾಖಲೆಯಲ್ಲಿ ಇದೆಯೇ ಎಂದು ಅವರು ಕೇಳಿದರು. ಮೇಷ್ಟ್ರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಶಾಲೆಯೂ ಮುಚ್ಚಿತ್ತು. ಹಾಗಾದರೆ ಅಡಿಟಿಪ್ಪಣಿಯಲ್ಲಿ ತಂದೆಯವರ ಹೆಸರು ಹಾಕಿ, ದಾರವನ್ನು ಕೈಬಿಡಿ ಎಂದರು.

ಅವಳು ಮತ್ತೆ ಬರೆದಳು, ಮತ್ತೆ ಕೆಂಪಾಯಿತು. ಬರೆದ ವಾಕ್ಯಕ್ಕೆ ಉಸಿರಿದ್ದರೆ ಸರ್ ಹೊಡೆದುಹಾಕುವರು, ಉಸಿರಿಲ್ಲದ್ದನ್ನು ಉಳಿಸುವರು. ವಾಪಸು ಬರುವಾಗ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಯಾರಿಗೂ ಕಾಣದಂತೆ ಕಿಟಕಿಗೆ ಮುಖ ಮಾಡಿ ಅತ್ತದ್ದೂ ಉಂಟು. ಇಷ್ಟು ವರ್ಷ ಬರೆದದ್ದೆಲ್ಲ ಬರವಣಿಗೆಯೇ ಅಲ್ಲವೇನೋ, ತನಗೆ ಕನ್ನಡವೇ ಬರುವುದಿಲ್ಲವೇನೋ ಎನ್ನಿಸಿಬಿಟ್ಟಿತು. ಬಿಟ್ಟುಬಿಡೋಣವೆಂದರೆ ಠಾಕುರ್ಲಿಯಲ್ಲಿ ಅಪ್ಪ, ಪುಸ್ತಕ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.

ಕಡೆಗೆ ಒಂದು ಭಾನುವಾರ ಅವಳು ಹೀಗೆ ಬರೆದುಕೊಂಡು ಹೋದಳು: 'ಶ್ರಮಿಕ ವಿದ್ಯಾರ್ಥಿಗಳ ಬರವಣಿಗೆಯ ಕಲಿಕೆಯ ಮೇಲೆ ಅವರ ವೃತ್ತಿಯು ಗಣನೀಯ ಪರಿಣಾಮ ಬೀರಿರುವುದನ್ನು ಇಲ್ಲಿ ಗಮನಿಸಬಹುದು.' ಕೆಂಪು ಪೆನ್ನು ಸುಮ್ಮನಾಯಿತು. ಈಗ ದಾರಿಗೆ ಬಂದಿರಿ ಎಂದು ಸರ್ ನಿಜವಾಗಿ ಸಂತೋಷಪಟ್ಟರು. ಅವಳಿಗೆ ಸಂತೋಷವಾಗಲಿಲ್ಲ.

2013ರಲ್ಲಿ ಪದವಿ ಬಂತು. ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಅಪ್ಪನ ಕೈಗಿಟ್ಟಳು. ಅವರು ಕನ್ನಡಕ ಏರಿಸಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಪುಟ ತಿರುವಿದರು. ಅವಳು ಮತ್ತೆ ಹೋದಾಗ, ನಾನು ಯಾವ ಪುಟದಲ್ಲಿದ್ದೇನೆ ಎಂದು ಮೆಲ್ಲಗೆ ಕೇಳಿದರು. ಅವಳು ಅಡಿಟಿಪ್ಪಣಿ ತೋರಿಸಿದಳು: 'ಮಾಹಿತಿ: ಮಧ್ವರಾಜ, ಠಾಕುರ್ಲಿ.'

“ಅಕ್ಷರ ಬಹಳ ಸಣ್ಣದುಂಟು,” ಎಂದು ಅವರು ಪುಸ್ತಕವನ್ನು ಶೋಕೇಸಿನಲ್ಲಿಡಲು ಹೆಂಡತಿಗೆ ಕೊಟ್ಟರು. ಮತ್ತೆ ಅದನ್ನು ಕೇಳಲಿಲ್ಲ.

ಪತ್ರಿಕೆಯವರು ಕಥೆ ಕೇಳುತ್ತಲೇ ಇದ್ದರು. ಅವಳು ಕೂತರೆ ಮೊದಲ ಸಾಲು ಬರುವ ಮೊದಲೇ 'ಆಧಾರ ಎಲ್ಲಿ' ಎಂಬ ಪ್ರಶ್ನೆ ಬರುತ್ತಿತ್ತು.

ಮರುವರ್ಷ ಮಧ್ವರಾಜರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಹೋದವರ ಬಗ್ಗೆ ಒಬ್ಬರು ನುಡಿನಮನ ಸಲ್ಲಿಸುವುದು ನಮ್ಮಲ್ಲಿ ಪದ್ಧತಿ. ಬರೆಯುವ ಮಗಳೇ ಇರುವಾಗ ಬೇರೆಯವರು ಯಾಕೆ ಎಂದು ಎಲ್ಲರೂ ಅಂದರು. ಜಯಲತಾ ಎರಡು ದಿನ ಕೂತು ಬರೆದು ತಂದು, ಹಾಲ್‌ನಲ್ಲಿ ಹಾರ ಹಾಕಿದ ಫೋಟೋದ ಪಕ್ಕ ನಿಂತು ಓದಿದಳು: “ಮಧ್ವರಾಜರ ಬದುಕನ್ನು ಮುಖ್ಯವಾಗಿ ಮೂರು ಘಟ್ಟಗಳಲ್ಲಿ ಗುರುತಿಸಬಹುದು.” ಜನ ತಲೆ ತಗ್ಗಿಸಿ ಕೇಳಿದರು. ಹೂ ಹಾಕಿ ಊಟಕ್ಕೆ ಎದ್ದರು. ಯಾರ ಕಣ್ಣೂ ತುಂಬಲಿಲ್ಲ, ಅವಳದೂ ತುಂಬಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಅನಸೂಯಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡರು.

“ದಾರದ ಸುದ್ದಿ ಎಂತಕ್ಕೆ ಹೇಳಲಿಲ್ಲ ಮಗಾ? ಅವರಿಗೆ ಅದೊಂದೇ ಹೆಮ್ಮೆ ಇದ್ದದ್ದು.”

“ಅದಕ್ಕೆ ಆಧಾರ ಇಲ್ಲ ಅಮ್ಮ.”

ಮಾತು ಬಾಯಿಂದ ಬಿದ್ದ ಮೇಲೆ ತಾನೇನು ಅಂದೆ ಎಂದು ಅವಳಿಗೆ ತಿಳಿಯಿತು. ಅನಸೂಯಮ್ಮ ಮಗಳ ಮುಖವನ್ನು ಗುರುತು ಸಿಗದವರ ಹಾಗೆ ನೋಡಿದರು.

“ನಾನು ನೋಡಿದ್ದೇನಲ್ಲ,” ಎಂದರು. “ಮದುವೆಯಾದಾಗ ಆ ಬೆರಳಲ್ಲಿ ದಾರದ ಗುರುತಿತ್ತು. ನೀನು ನನ್ನನ್ನು ಕೇಳಲೇ ಇಲ್ಲ.”